ಮಳೆ ಕೇಳಿಸಬೇಕು, ನೀರು ಬರಬಾರದು

ಅದು ಹನಿಯೇ ಇರಬೇಕು. ಅಥವಾ ಹಾಗೆ ಅನಿಸಿತೋ? ಹೊಸ ಹಲಗೆ ತಣ್ಣಗಾಗಿ ಕುಗ್ಗುವಾಗಲೂ ಹೀಗೇ ಟಿಕ್ಕೆನ್ನುತ್ತದೆ. ಹಲಗೆಯಾದರೆ ಒಮ್ಮೆ ಟಿಕ್ಕೆಂದು ಸುಮ್ಮನಾಗಬೇಕಿತ್ತು. ಇದು ಸುಮ್ಮನಾದಂತೆ ಮಾಡಿ, ಮನಸ್ಸು ಬೇರೆ ಕಡೆ ತಿರುಗಿದಾಗ ಮತ್ತೆ ಬಂತು. ಎಡಗಡೆಯಿಂದ. ಎಡಗಡೆಯಿಂದಲೇ ತಾನೆ? ಇನ್ನೊಮ್ಮೆ ಬರಲಿ. ಬಂದರೆ ಹೇಳಿಬಿಡಬೇಕು. ಹೇಳಿದರೆ ಇಷ್ಟು ಚೆಂದಕ್ಕೆ ಕೂರಿಸಿದ ಗೋಡೆಯನ್ನು ಬಿಚ್ಚಬೇಕು. ಬಿಚ್ಚಿ ನೋಡಿ ಒಳಗೆ ಒಣಗಿದ್ದರೆ?

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾರ್ಖಾನೆಯ ಹಿಂಭಾಗದ ತಗಡಿನ ಷೆಡ್ಡಿನಲ್ಲಿ, ಚಕ್ರಗಳ ಮೇಲೆ ನಿಂತ ಒಂದು ಪುಟ್ಟ ಮನೆಯ ಮೇಲೆ ಮಳೆ ಸುರಿಯುತ್ತಿದೆ. ಮೋಡ ಸುರಿಸುವ ಮಳೆಯಲ್ಲ. ಪಂಪು ತೊಟ್ಟಿಯಿಂದ ಎತ್ತಿದ ನೀರು ಷೆಡ್ಡಿನ ಮಾಡಿಗೆ ಕಟ್ಟಿದ ಪೈಪುಗಳಿಂದ ಚಿಮ್ಮಿ, ನೆಲದ ಚರಂಡಿಯಲ್ಲಿ ಹರಿದು ಮತ್ತೆ ತೊಟ್ಟಿಗೇ ಸೇರುತ್ತದೆ. ಪುಟ್ಟ ಮನೆಯ ಕಿಟಕಿ ಬಾಗಿಲೆಲ್ಲ ಮುಚ್ಚಿವೆ. ದೀಪ ಆರಿದೆ. ಒಳಗೆ, ಮಡಿಸಿದ ಗೋಣಿಚೀಲದ ಮೇಲೆ, ಐವತ್ತು ದಾಟಿದ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಅವರ ಕೆಲಸ ಇಷ್ಟೇ: ಮಳೆ ಬೀಳುವಾಗ ಮನೆಯೊಳಗೆ ಕೂತು ಕೇಳುವುದು. ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಮಳೆಯಣ್ಣ ಎಂದು.

ಇದು ಪ್ರವಾಸದ ಟ್ರೇಲರ್ ಕಟ್ಟುವ ಕಾರ್ಖಾನೆ. ಕಾರಿನ ಹಿಂದೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಮನೆಗಳಿವು. ಮಲಗಲು ಮಂಚ, ಒಂದು ಒಲೆ, ಬಟ್ಟಲಷ್ಟಗಲದ ಸಿಂಕು, ಮೊಣಕೈ ಮಡಿಸಿಕೊಂಡೇ ಒಳಗೆ ಹೋಗಬೇಕಾದ ಬಚ್ಚಲು. ಕೊಳ್ಳುವವರು ಹೇಳಿದ ಹಾಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಕಟ್ಟುತ್ತಾರೆ. ಬೆಸುಗೆಯವರು, ಬಡಗಿಗಳು, ವೈರಿನವರು, ಬಣ್ಣದವರು ಎಲ್ಲರ ಕೈ ದಾಟಿ ಕೊನೆಗೆ ಅದು ಬರುವುದು ಈ ಷೆಡ್ಡಿಗೆ. ಮಳೆಯಣ್ಣ ತಲೆಯಾಡಿಸಿದ ಮೇಲೆಯೇ ಗೇಟು ದಾಟುತ್ತದೆ.

ಉಳಿದವರು ಬರುವ ಮೊದಲೇ ಅವರು ಬರುತ್ತಾರೆ. ಆಮೇಲೆ ಬಂದರೆ ಗರಗಸ, ಸುತ್ತಿಗೆ, ಕಂಪ್ರೆಸರ್ ಎಲ್ಲ ಶುರುವಾಗಿ ಕೇಳಲು ಏನೂ ಉಳಿಯುವುದಿಲ್ಲ. ಬೆಳಗ್ಗೆ ಒಂದು ಟ್ರೇಲರ್, ಆತುರವಿದ್ದಾಗ ಎರಡು. ಒಂದೊಂದರಲ್ಲಿ ಹೆಚ್ಚುಕಡಿಮೆ ಒಂದು ಗಂಟೆ.

“ಮೊದಲು ಬರೀ ಮಳೆನೇ ಕೇಳಿಸುತ್ತೆ,” ಎನ್ನುತ್ತಾರೆ. “ಕಿವಿ ತುಂಬಿಹೋಗುತ್ತೆ. ಅವಸರ ಮಾಡಬಾರದು. ಸಂತೆಗೆ ಹೋದ ಹಾಗೆ ಅದು. ಹೋದ ಕೂಡಲೆ ಬರೀ ಗದ್ದಲ. ಸ್ವಲ್ಪ ಹೊತ್ತು ನಿಂತ್ರೆ ಯಾರು ಯಾರನ್ನ ಬೈತಿದಾರೆ ಅಂತ ಗೊತ್ತಾಗುತ್ತೆ. ಹಾಗೇ, ಕೂತು ಕೂತು ಮಳೆ ಹಿಂದೆ ಸರಿಯುತ್ತೆ. ಒಳಗಿನ ಸದ್ದು ಮುಂದೆ ಬರುತ್ತೆ.”

ಅವರ ಪಕ್ಕ ಕೂತು ನೋಡಿದರೆ ಈ ಮಾತು ಎಷ್ಟು ಸರಳ, ಅದನ್ನು ಮಾಡುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಕತ್ತಲು, ಹೊಸ ಮರದ ವಾಸನೆ, ತಲೆಯ ಮೇಲೆ ಎಡೆಬಿಡದ ಸುರಿತ. ಮೊದಲು ಕಾಲು ಜೋಮು ಹಿಡಿಯುತ್ತದೆ. ಆಮೇಲೆ ಇಲ್ಲದ ಸದ್ದುಗಳೆಲ್ಲ ಕೇಳಿಸತೊಡಗುತ್ತವೆ. ಯಾರೋ ಕರೆದಂತೆ, ಯಾವುದೋ ಬಾಗಿಲು ಬಡಿದಂತೆ. ಪಕ್ಕದಲ್ಲಿ ಅವರು ಮಾತ್ರ, ನಿದ್ದೆಹೋದ ಮಗುವಿನ ಹಾಸಿಗೆಯ ಅಂಚಿನಲ್ಲಿ ಕೂತವರ ಹಾಗೆ, ಮೈಯನ್ನೇ ಮರೆತು ಕೂತಿರುತ್ತಾರೆ. ಅಷ್ಟೊಂದು ಸದ್ದಿನ ನಡುವೆ ಒಬ್ಬ ಮನುಷ್ಯ ಇಷ್ಟೊಂದು ಮೌನವಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಸಲ ಷೆಡ್ಡಿಗೆ ಬಂದಿರುವುದು ಇಬ್ಬರು ಅಕ್ಕತಂಗಿಯರ ಟ್ರೇಲರ್. ಅಕ್ಕ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಿಯಾದವರು. ತಂಗಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಕ್ಕ ಕಾರು ಓಡಿಸುತ್ತಾರೆ, ಇಬ್ಬರೂ ಊರೂರು ತಿರುಗಬೇಕೆಂದಿದ್ದಾರೆ. ಹಾಗಾಗಿ ಈ ಮನೆಯನ್ನು ಕೈಯಿಂದ ನೋಡಲು ಬರುವಂತೆ ಕಟ್ಟಲಾಗಿದೆ. ಗೋಡೆಯುದ್ದಕ್ಕೂ, ಮಂಚದಿಂದ ಬಚ್ಚಲಿನವರೆಗೆ, ಬೆರಳು ಕೂರುವಷ್ಟು ಒಂದು ಗೀರು. ಡ್ರಾಯರುಗಳ ಹಿಡಿ ಒಂದೊಂದೂ ಒಂದೊಂದು ಆಕಾರ: ಚಮಚದ್ದು ದುಂಡಗೆ, ಚಾಕುವಿನದು ಚೌಕ. ಎಲ್ಲಿಯೂ ಒಂದು ಚೂಪು ಮೂಲೆಯಿಲ್ಲ. ಬಡಗಿ ಎಲ್ಲ ಅಂಚನ್ನೂ ಉಜ್ಜಿ ಉಜ್ಜಿ, ಹೊಳೆಯ ಕಲ್ಲಿನಂತೆ ಮಾಡಿದ್ದಾರೆ.

ತಂಗಿ ತಾವಾಗಿ ಕೇಳಿದ್ದು ಒಂದೇ. ತಮ್ಮ ಮಂಚದ ಮೇಲಿನ ಮಾಡಿಗೆ ಫೋಮು ಹಾಕಬಾರದು, ಬರಿಯ ತಗಡು ಇರಬೇಕು. ಬೇರೆ ಎಲ್ಲರೂ ಸದ್ದು ಕೇಳದ ಹಾಗೆ ಮಾಡಿಕೊಡಿ ಎನ್ನುತ್ತಾರೆ. ಇವರು ಹೇಳಿದ್ದು, “ಮಳೆ ಕೇಳಿಸಬೇಕು, ನೀರು ಬರಬಾರದು.”

ಈ ಮಾತು ಕೇಳಿದ ದಿನ ಮಳೆಯಣ್ಣ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟರಂತೆ. “ನನ್ನ ಹಾಗೇ ಒಬ್ಬರು ಇದಾರೆ ಅನ್ನಿಸ್ತು,” ಎನ್ನುತ್ತಾರೆ. ಮರುಕ್ಷಣವೇ ಚಿಂತೆ. ಫೋಮಿನ ಮಾಡು ಮುಗಿದು ಬರಿಯ ತಗಡು ಶುರುವಾಗುವ ಕಡೆ ಒಂದು ಹೆಚ್ಚಿನ ಜಾಯಿಂಟು. ಜಾಯಿಂಟು ಎಂದರೆ ನೀರಿಗೆ ಆಮಂತ್ರಣ. ಹಾಸಿಗೆ ಒದ್ದೆಯಾಗುವವರೆಗೆ ಆಕೆಗೆ ತಿಳಿಯುವ ದಾರಿಯೂ ಇಲ್ಲ. ಗೋಡೆಯ ಕಲೆ, ಮಾಡಿನ ಬೂಷ್ಟು, ಇವನ್ನೆಲ್ಲ ನೋಡಿ ಎಚ್ಚರಗೊಳ್ಳುವವರು ನಾವು.

ಮಳೆಯಣ್ಣ ಈ ಷೆಡ್ಡಿಗೆ ಬಂದದ್ದೇ ಒಂದು ಒದ್ದೆ ಹಾಸಿಗೆಯಿಂದ. ಮೊದಲು ಅವರು ತಗಡಿನ ವಿಭಾಗದಲ್ಲಿದ್ದರು. ಕತ್ತರಿಸುವ ಯಂತ್ರವನ್ನು ಬಲಕ್ಕಿಟ್ಟುಕೊಂಡು ನಿಂತು ತಗಡು ಹಿಡಿಯುವ ಕೆಲಸ, ತಾರುಣ್ಯವೆಲ್ಲ ಅಲ್ಲೇ ಕಳೆಯಿತು. ಕಿವಿಗೆ ಹತ್ತಿಯಾದರೂ ಇಟ್ಟುಕೊಳ್ಳಬೇಕೆಂದು ಆಗ ಯಾರೂ ಹೇಳಲಿಲ್ಲ. ಒಮ್ಮೆ ಒಂದು ಟ್ರೇಲರ್ ವಾಪಸು ಬಂತು. ನೆಲ ಕೊಳೆತಿತ್ತು. ಪುಟ್ಟ ಮಗುವಿನ ಹಾಸಿಗೆ ಹಿಂಡಿದರೆ ನೀರು ಬರುವಂತಿತ್ತು. ಅಂದಿನ ಯಜಮಾನರು ಎಲ್ಲರನ್ನೂ ಸೇರಿಸಿ ಕೂಗಾಡಿದರು. “ಮಳೆ ಬರುವಾಗ ಒಳಗೆ ಯಾರಾದ್ರೂ ಕೂತು ನೋಡಿದೀರೇನ್ರೋ?” “ನಾನು ಕೂರ್ತೀನಿ ಅಂದೆ,” ಎನ್ನುತ್ತಾರೆ ಮಳೆಯಣ್ಣ. “ನಿಜ ಹೇಳಬೇಕಂದ್ರೆ ಆ ಮಿಷಿನ್ ಸದ್ದಿಂದ ತಪ್ಪಿಸಿಕೊಂಡ್ರೆ ಸಾಕಾಗಿತ್ತು.”

ಮನೆಯಲ್ಲಿ ಈ ಕೆಲಸಕ್ಕೆ ಹೆಚ್ಚಿನ ಮರ್ಯಾದೆ ಏನಿಲ್ಲ. ಎರಡು ಕೋಣೆಯ ಮನೆ, ಅಡುಗೆಮನೆಯಲ್ಲೇ ಊಟದ ಮೇಜು. ಹೆಂಡತಿ ಚಹಾ ಕೊಡುತ್ತ ನಗುತ್ತಾರೆ. “ಸುಮ್ಮನೆ ಕೂತ್ಕೊಳ್ಳೋಕೆ ಸಂಬಳ ಕೊಡ್ತಾರೆ ಇವರಿಗೆ! ಪಕ್ಕದ ಮನೆ ನಲ್ಲಿ ತೊಟ್ಟಿಕ್ಕಿದ್ರೆ ಎದ್ದು ಕೂರ್ತಾರೆ. ನಾನು ಕರೆದ್ರೆ ಮಾತ್ರ ಕೇಳಿಸೋದೇ ಇಲ್ಲ.”

“ನಲ್ಲಿ ಒಂದೇ ಮಾತು ಹೇಳುತ್ತೆ,” ಎನ್ನುತ್ತಾರೆ ಗಂಡ. “ನಿನ್ನ ಹಾಗೆ ಹತ್ತು ಹೇಳಲ್ಲ.”

ಹೆಂಡತಿ ಕುರ್ಚಿ ಎಳೆದುಕೊಂಡು ಗಂಡನ ಎಡಗಡೆಗೆ ಬಂದು ಕೂರುತ್ತಾರೆ. ಬಲಗಡೆ ಜಾಗ ಧಾರಾಳವಾಗಿದೆ, ಎಡಗಡೆ ಗೋಡೆಗೆ ಒರಗಿ ಹೋಗಬೇಕು. ಆದರೂ ಅಲ್ಲೇ. ಆ ಕುರ್ಚಿಯ ಕಾಲುಗಳು ಎಳೆದೆಳೆದು ನೆಲದಲ್ಲಿ ಹಳೆಯ ಗೀರು ಬಿದ್ದಿದೆ. ನೋಡಿದಾಗ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಮತ್ತೆ ಆ ಬೆಳಗಿಗೆ ಬರೋಣ. ಮಳೆ ನಿಲ್ಲಿಸಿ ಹೊರಗೆ ಬಂದ ಮಳೆಯಣ್ಣ “ಎಡಗಡೆ, ಒಲೆ ಮೇಲಿನ ಕಪಾಟಿನ ಹಿಂದೆ,” ಎನ್ನುತ್ತಾರೆ. ಅಕ್ಕತಂಗಿಯರು ಅಂದೇ ಮಧ್ಯಾಹ್ನ ಟ್ರೇಲರ್ ಒಯ್ಯಲು ಬರುವವರಿದ್ದಾರೆ. ಬಡಗಿಯನ್ನು ಕರೆಸುತ್ತಾರೆ. ಬಡಗಿ ಬೇರೆ ಯಾರೂ ಅಲ್ಲ, ಮಳೆಯಣ್ಣನ ಹೆಂಡತಿಯ ತಮ್ಮ. ಅವರನ್ನು ಕರೆತಂದು ಕೆಲಸಕ್ಕೆ ಸೇರಿಸಿದ್ದೂ ಮಳೆಯಣ್ಣನೇ.

“ನನ್ನ ಕೆಲಸ ಚೆಂದಾಗಿದ್ರೆ ನಿಮಗೆ ತಡಕೊಳ್ಳೋಕಾಗಲ್ಲ ಅಲ್ವಾ ಭಾವ?” ಎನ್ನುತ್ತಲೇ ಬಡಗಿ ಸ್ಕ್ರೂ ಬಿಚ್ಚುತ್ತಾರೆ. ಕಪಾಟು ಇಳಿಯುತ್ತದೆ. ಹಲಗೆ ಬರುತ್ತದೆ. ಹಿಂದೆ ಕೈಯಾಡಿಸಿದರೆ ಒಣ ಒಣ. ಟಾರ್ಚು ಬಿಟ್ಟು ನೋಡಿದರೂ ಅಷ್ಟೇ.

“ಎಲ್ಲಿ ಭಾವ ನಿಮ್ಮ ಹೊಳೆ? ಒಂದು ಲೋಟ ಹಿಡಿದುಕೊಡಿ, ಬಾಯಾರಿದೆ.”

ನೆರೆದವರು ನಗುತ್ತಾರೆ. ಮಳೆಯಣ್ಣ ನಗುವುದಿಲ್ಲ. ಎಂಜಿನಿಯರ್ ಮೇಡಂ ಬರುತ್ತಾರೆ. ಒಳಗೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ನೋಡುವ ಪರೀಕ್ಷೆ ಅವರದು. ಮಾಡು ಕೂರಿಸಿದ ದಿನವೇ ಅದು ಮುಗಿದಿದೆ, ಒಂದು ಗುಳ್ಳೆಯೂ ಎದ್ದಿರಲಿಲ್ಲ. ಅವರು ಮೆತ್ತಗೇ ಕೇಳುತ್ತಾರೆ, “ನಿಮಗೆ ಖಂಡಿತ ಕೇಳಿಸ್ತಾ? ಅವರು ಹೊರಟಾಗಿದೆ ಅಂತ ಫೋನ್ ಬಂತು.”

“ಇನ್ನೊಂದು ಸಲ ಕೂರ್ತೀನಿ ಮೇಡಂ.”

ಗರಗಸ, ಕಂಪ್ರೆಸರ್ ಎಲ್ಲ ಸ್ವಲ್ಪ ಹೊತ್ತು ನಿಲ್ಲಿಸಲು ಮೇಡಂ ಹೇಳಿ ಕಳಿಸುತ್ತಾರೆ. ಮತ್ತೆ ಮಳೆ, ಮತ್ತೆ ಕತ್ತಲು. ಈ ಸಲ ಅವರು ಹಿಂದುಮುಂದಾಗಿ ಕೂರುತ್ತಾರೆ, ಬೆನ್ನು ಬಾಗಿಲಿಗೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅವರ ಉಸಿರು ಒಮ್ಮೆ ಹಿಡಿದಂತಾಗುತ್ತದೆ. ಹನಿ ಬಂದಿದೆ. ಮತ್ತೆ ಎಡಗಡೆಯಿಂದಲೇ. ಆದರೆ ಈಗ ಅವರ ಎಡಗಡೆ ಇರುವುದು ಮೊದಲು ಬಲಗಡೆ ಇದ್ದ ಗೋಡೆ. ಅವರು ಕೂತಲ್ಲೇ ಇನ್ನೊಂದು ಕಡೆ ತಿರುಗುತ್ತಾರೆ. ಕಾಯುತ್ತಾರೆ. ಮತ್ತೊಂದು ಕಡೆಗೆ. ಹೇಗೆ ತಿರುಗಿದರೂ ಹನಿ ಎಡಕ್ಕೇ ಬೀಳುತ್ತಿದೆ.

ಸೋರುವ ಮನೆ ಯಾವುದೆಂದು ಇಷ್ಟು ವರ್ಷ ಹೇಳಿದ ಮನುಷ್ಯ, ಆ ಕತ್ತಲಲ್ಲಿ ತನ್ನ ಬಲಗಿವಿಯ ಬಾಗಿಲು ಮುಚ್ಚಿರುವುದನ್ನು ಕಂಡುಕೊಂಡ. ಗೊತ್ತಿರಲಿಲ್ಲವೇ ಎಂದು ಆಮೇಲೆ ಕೇಳಿದರೆ, “ಗೊತ್ತಿತ್ತೋ ಏನೋ. ಗೊತ್ತು ಮಾಡಿಕೊಂಡಿರಲಿಲ್ಲ,” ಎನ್ನುತ್ತಾರೆ.

ಆಗ ಅವರ ಮುಂದೆ ಎರಡು ದಾರಿ. ಹಲಗೆ ಸದ್ದು, ನನ್ನ ಭ್ರಮೆ ಎಂದು ಕೈಚೆಲ್ಲಿದರೆ ಟ್ರೇಲರ್ ಹೋಗುತ್ತದೆ, ಗೋಣಿಚೀಲದ ಜಾಗ ಉಳಿಯುತ್ತದೆ. ಸೋರುತ್ತಿದೆ, ಎಲ್ಲೆಂದು ಹೇಳಲು ನನ್ನಿಂದ ಆಗುತ್ತಿಲ್ಲ ಎಂದರೆ ಕೇಳುವುದೇ ಕೆಲಸವಾದವನು ಕೇಳಿಸುವುದಿಲ್ಲ ಎಂದು ಒಪ್ಪಿಕೊಂಡಂತೆ. ಅವರು ಎದ್ದು, ಬಾಗಿಲು ಅರ್ಧ ತೆರೆದು, ಮಳೆಯ ಸದ್ದಿನ ಮೇಲೆ ಕೂಗುತ್ತಾರೆ.

“ಏಯ್, ಒಳಗೆ ಬಾ.”

“ನಾನಾ?” ಬಡಗಿ ಎದೆಯ ಮೇಲೆ ಕೈಯಿಡುತ್ತಾರೆ.

“ಮತ್ತೆ ಯಾರು, ನಿಮ್ಮಕ್ಕನ? ಬಾ. ಚಪ್ಪಲಿ ಬಿಟ್ಟು ಬಾ.”

ಬಡಗಿ ಇಷ್ಟು ವರ್ಷದಲ್ಲಿ ಮಳೆಯೊಳಗೆ ಒಮ್ಮೆಯೂ ಕೂತವರಲ್ಲ. ಗೋಣಿಯ ಇನ್ನೊಂದು ತುದಿಯಲ್ಲಿ ಕೂರುತ್ತಾರೆ. ಕೆಮ್ಮುತ್ತಾರೆ. ಮೊಣಕಾಲು ತುರಿಸಿಕೊಳ್ಳುತ್ತಾರೆ.

“ಎಷ್ಟು ಹೊತ್ತು ಭಾವ?”

“ಬಾಯಿ ಮುಚ್ಚಿದ ಮೇಲಿಂದ ಎಣಿಸು.”

ಆಮೇಲೆ ಯಾರೂ ಮಾತಾಡಲಿಲ್ಲ. ಸಂಬಂಧಿಕರಾಗಿ ಇಷ್ಟು ಕಾಲ ಒಬ್ಬರನ್ನೊಬ್ಬರು ಕೆಣಕಿಕೊಂಡೇ ಬಂದ ಇಬ್ಬರು, ಮೊದಲ ಸಲ ಒಟ್ಟಿಗೆ ಸುಮ್ಮನಿದ್ದಾರೆ. ಮಳೆ ತಲೆಯ ಮೇಲೆ ನಡೆಯುತ್ತಿದೆ. ಫೋಮಿನ ಮಾಡಿನ ಮೇಲೆ ಅದು ಮೆತ್ತಗೆ, ದೂರದ್ದು. ತಂಗಿಯ ಮಂಚದ ಮೇಲೆ ಒಂದೊಂದು ಹನಿಯೂ ಬೇರೆ ಬೇರೆಯಾಗಿ, ಬೆರಳ ತುದಿಯಿಂದ ತಟ್ಟಿದ ಹಾಗೆ. ಕೇಳುತ್ತ ಕೂತರೆ ಆಕೆ ಏನನ್ನು ಬಯಸಿದರು ಎಂಬುದು ಮೈಗೇ ಅರ್ಥವಾಗುತ್ತದೆ. ಕಣ್ಣಿದ್ದವರು ಕಿಟಕಿಯಿಂದ ನೋಡುವ ಬಯಲು, ಬೆಟ್ಟ, ರಸ್ತೆ ಎಲ್ಲ ಆಕೆಗೆ ಈ ತಗಡಿನ ತುಂಡಿನಿಂದಲೇ ಒಳಗೆ ಬರಬೇಕು.

ಎಷ್ಟೋ ಹೊತ್ತಿನ ಮೇಲೆ ಕತ್ತಲಲ್ಲಿ ಬಡಗಿಯ ದನಿ, ಕಿವಿಮಾತಿನಷ್ಟು ಸಣ್ಣದು: “ಭಾವ... ಬಂತು.”

“ಎಲ್ಲಿ?”

“ಬಲಗಡೆ. ತಂಗಿಯವರ ಮಂಚದ ತಲೆಯ ಕಡೆ. ಮೂಲೇಲಿ.”

“ನೋಡಿ ಹೇಳ್ತಿದೀಯಾ, ಕೇಳಿ ಹೇಳ್ತಿದೀಯಾ?”

“ಕತ್ತಲಲ್ಲಿ ಏನು ನೋಡಲಿ? ಕೇಳಿ ಹೇಳ್ತಿದೀನಿ.” ದನಿಯಲ್ಲಿ ಹೊಸದಾಗಿ ನಡೆಯಲು ಕಲಿತವನ ಹಿಗ್ಗು.

ದೀಪ ಹಾಕಿ, ಬರಿಯ ತಗಡಿನ ಸುತ್ತ ಕೂರಿಸಿದ ಮರದ ಪಟ್ಟಿ ಬಿಚ್ಚುತ್ತಾರೆ. ಅಲ್ಲಿ, ಮೂಲೆಯಲ್ಲಿ, ಉಗುರಿನ ತುದಿಯಷ್ಟು ಜಾಗದಲ್ಲಿ, ಸಂದು ಮುಚ್ಚುವ ಅಂಟು, ಸೀಲೆಂಟ್, ಇಲ್ಲ. ನೀರು ಅಲ್ಲಿಂದ ಇಳಿದು, ಪಟ್ಟಿಯ ಹಿಂದೆ ಕೂಡಿಕೊಂಡು, ತುಂಬಿದಾಗ ಒಂದು ಹನಿ ಕೆಳಗೆ ಬಿಡುತ್ತಿದೆ. ಬಡಗಿ ಟಾರ್ಚು ಹಿಡಿದು ನೋಡುತ್ತಲೇ ಇದ್ದಾರೆ. ಆಮೇಲೆ ಟಾರ್ಚು ಇಳಿಸುತ್ತಾರೆ.

“ಇದು ನನ್ನ ಉಳಿ ಮಾಡಿದ್ದು ಭಾವ.”

ಮಾಡು ಕೂರಿಸಿದಾಗ ಹೆಚ್ಚಾದ ಸೀಲೆಂಟ್ ಒಳಗೆ ಉಕ್ಕಿ ಗಂಟಾಗಿ ನಿಂತಿತ್ತು. ಸಾಮಾನ್ಯವಾಗಿ ಅದನ್ನು ಯಾರೂ ಮುಟ್ಟುವುದಿಲ್ಲ, ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ. ಆದರೆ ಇದು ತಂಗಿಯ ಮಂಚ. ಮಲಗಿದಲ್ಲಿಂದ ಕೈಯೆತ್ತಿದರೆ ಪಟ್ಟಿ ಸಿಗುತ್ತದೆ, ಅದರ ಸಂದಿನಲ್ಲಿ ಗಂಟು ಬೆರಳಿಗೆ ಒತ್ತೀತು ಎಂದು ಬಡಗಿ ಒಂದೊಂದೇ ಗಂಟನ್ನು ಉಳಿಯಿಂದ ಎಬ್ಬಿಸಿ ತೆಗೆದಿದ್ದರು. ಒಂದು ಗಂಟು ಬರುವಾಗ ಜಾಯಿಂಟಿನೊಳಗಿನ ಸೀಲೆಂಟನ್ನೂ ಎಳೆದುಕೊಂಡು ಬಂದಿತ್ತು. ಗುಳ್ಳೆಯ ಪರೀಕ್ಷೆ ಅದಕ್ಕೂ ಮೊದಲೇ ಮುಗಿದಿದ್ದರಿಂದ ಅಲ್ಲಿ ಸಿಗುವಂತಿರಲಿಲ್ಲ. ಬೇಜವಾಬ್ದಾರಿಯಿಂದ ಆದ ಸೋರಿಕೆಯಲ್ಲ ಇದು. ಅತಿಯಾದ ಅಕ್ಕರೆಯಿಂದ ಆದದ್ದು.

ಎಲ್ಲರ ಮುಂದೆ ಒಂದು ಮಾತು ಆಡಲು ಮಳೆಯಣ್ಣನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವರು ಆಡಿದ್ದು ಇಷ್ಟೇ: “ಲೋಟ ಬೇಕಂದಿದ್ಯಲ್ಲ, ಹಿಡಿ.”

ಹಳೆಯದನ್ನು ಕೆರೆದು, ಒರೆಸಿ, ಒಣಗಿಸಿ ಹೊಸ ಸೀಲೆಂಟ್ ತುಂಬುತ್ತಾರೆ. ಅದು ಗಟ್ಟಿಯಾಗಲು ಹೊತ್ತು ಬೇಕು, ಅಂದೇ ಕೊಡಲು ಸಾಧ್ಯವಿಲ್ಲ. ಎಂಜಿನಿಯರ್ ಮೇಡಂ ಅಕ್ಕನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಆ ಕಡೆಯಿಂದ ಮೊದಲು ಗೊಣಗಾಟ, ಆಮೇಲೆ ಯಾರೋ ಫೋನು ಕಿತ್ತುಕೊಂಡ ಸದ್ದು, ಆಮೇಲೆ ತಂಗಿಯ ನಗು. “ಒದ್ದೆ ಮಾಡಿಕೊಂಡು ಬೈಯೋದಕ್ಕಿಂತ ಒಣಗಿದ್ದುಕೊಂಡು ಬೈಯೋದು ಮೇಲು ಬಿಡಿ.”

ಚಹಾದ ಹೊತ್ತಿನಲ್ಲಿ ಮಳೆಯಣ್ಣ ಲೋಟ ಕೆಳಗಿಟ್ಟು, ಎಂಜಿನಿಯರ್ ಮೇಡಂ ಎದುರಿಗೆ ನಿಂತು, ತಾವಾಗಿಯೇ ಹೇಳುತ್ತಾರೆ. “ಮೇಡಂ, ನನಗೆ ಬಲಗಡೆ ಕೇಳಿಸ್ತಾ ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.” ಹೇಳುವಾಗ ದನಿ ಸ್ವಲ್ಪ ಜೋರಾಗಿಯೇ ಬರುತ್ತದೆ. ಮೇಡಂ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಡಗಿ ನಡುವೆ ಬರುತ್ತಾರೆ.

“ಬೇರೆ ಯಾರು ಯಾಕೆ? ಎಡಗಡೆ ಅವರದು, ಬಲಗಡೆ ನಂದು. ನಮ್ಮ ಭಾವನ ಬಲಗಡೆ ಏನು ಹೇಳಿದ್ರೂ ನಡೆಯುತ್ತೆ ಅಂತ ನಮ್ಮನೇಲಿ ಎಲ್ಲರಿಗೂ ಗೊತ್ತು ಮೇಡಂ. ನಾನು ಎಷ್ಟು ಬೈದಿದೀನೋ ಅಲ್ಲಿ ನಿಂತು!”

“ಇದು ಕೇಳಿಸ್ತು ಕಣೋ,” ಎನ್ನುತ್ತಾರೆ ಮಳೆಯಣ್ಣ. ನಗು ಬೆಂಚಿನ ಉದ್ದಕ್ಕೂ ಹಬ್ಬುತ್ತದೆ. ಮೇಡಂ ಅಷ್ಟಕ್ಕೇ ಒಪ್ಪಿಕೊಳ್ಳುವುದಿಲ್ಲ. ಕಿವಿಯ ವೈದ್ಯರಲ್ಲಿಗೆ ಕಳಿಸುವುದು ಕಾರ್ಖಾನೆಯ ಜವಾಬ್ದಾರಿ ಎನ್ನುತ್ತಾರೆ. ತಗಡಿನ ವಿಭಾಗದಲ್ಲಿ ಈಗ ಎಲ್ಲರೂ ಕಿವಿಗೆ ಮುಚ್ಚಳ ಹಾಕಿಕೊಂಡಿದ್ದಾರೋ ಇಲ್ಲವೋ ನೋಡಲು ಅಲ್ಲಿಂದಲೇ ಎದ್ದು ಹೋಗುತ್ತಾರೆ. ಷೆಡ್ಡಿನಲ್ಲಿ ಮಾರನೆಯ ದಿನದಿಂದ ಎರಡು ಗೋಣಿಚೀಲ. ಇದನ್ನೆಲ್ಲ ಬರೆಯಬಹುದೇ ಎಂದರೆ ಮಳೆಯಣ್ಣ, “ಬರೀರಿ. ಇನ್ನೇನು ಮುಚ್ಚಿಡೋದು? ಮನೇಲಿ ಕುರ್ಚಿ ಎಳೆದವಳಿಗೆ ಎಂದೋ ಗೊತ್ತಿತ್ತು,” ಎನ್ನುತ್ತಾರೆ.

ಎರಡು ದಿನ ಬಿಟ್ಟು ಅಕ್ಕತಂಗಿಯರು ಬರುತ್ತಾರೆ. ಅಕ್ಕ ಟ್ರೇಲರಿನ ಸುತ್ತ ತಿರುಗಿ ಬಣ್ಣ ನೋಡುತ್ತಾರೆ, ಚಕ್ರ ಒದ್ದು ನೋಡುತ್ತಾರೆ. ತಂಗಿ ಬಾಗಿಲ ಹಿಡಿ ಸಿಕ್ಕಿದ ಕೂಡಲೆ ಒಳಗೆ. ಗೋಡೆಯ ಗೀರಿನಲ್ಲಿ ಬೆರಳಿಟ್ಟು ನಡೆಯುತ್ತಾರೆ. ಒಂದೊಂದು ಹಿಡಿಯನ್ನೂ ಮುಟ್ಟಿ ಹೆಸರು ಹೇಳುತ್ತಾರೆ: ಚಮಚ, ಚಾಕು, ತಟ್ಟೆ. ಹೊರಗೆ ನಿಂತ ಬಡಗಿಯ ತುಟಿಗಳೂ ಜೊತೆಜೊತೆಗೆ ಅಲುಗುತ್ತಿವೆ. ತಂಗಿ ಮಂಚಕ್ಕೆ ಬಂದು, ಮಲಗಿ, ಕೈಯೆತ್ತಿ ತಗಡು ಮುಟ್ಟುತ್ತಾರೆ. ಪಟ್ಟಿಯ ಸುತ್ತ ಬೆರಳು ಹಾಯಿಸುತ್ತಾರೆ. ಎಲ್ಲಿಯೂ ಒಂದು ಗಂಟು ಒತ್ತುವುದಿಲ್ಲ.

“ಒಂದು ಸಲ ಮಳೆ ಬಿಡ್ತೀರಾ?” ಒಳಗಿನಿಂದ ಕೇಳುತ್ತಾರೆ.

ಮಳೆಯಣ್ಣ ವಾಲ್ವ್ ತಿರುಗಿಸುತ್ತಾರೆ. ಮೊದಲು ತುಂತುರು, ಆಮೇಲೆ ನಿಧಾನವಾಗಿ ಪೂರ್ತಿ. ಅಷ್ಟು ಹೊತ್ತು ಎಡೆಬಿಡದೆ ಪ್ರಶ್ನೆ ಕೇಳುತ್ತಿದ್ದ ಅಕ್ಕನೂ ಸುಮ್ಮನಾಗುತ್ತಾರೆ. ಬೆಸುಗೆಯವರು ಕೆಲಸ ನಿಲ್ಲಿಸಿ ಷೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದಾರೆ. ಒಳಗಿನಿಂದ ಸದ್ದಿಲ್ಲ. ಮಳೆ ಮಾತ್ರ.

ಬಹಳ ಹೊತ್ತಿನ ಮೇಲೆ ತಂಗಿ ಬಾಗಿಲಿಗೆ ಬರುತ್ತಾರೆ. ಹಣೆಯ ಮೇಲಿನ ಕೂದಲು ಒಣಗಿದೆ, ಕೆನ್ನೆ ಮಾತ್ರ ಒದ್ದೆಯಾಗಿದೆ. “ಮಳೆ ಬಿಟ್ಟವರು ಯಾರು?”

“ನಾನೇ ಅಮ್ಮ.”

ದನಿ ಬಂದ ಕಡೆಗೆ ಆಕೆ ನೇರ ತಿರುಗುತ್ತಾರೆ. “ನಾಲ್ಕು ಕಡೆಯಿಂದಲೂ ಬಂತು. ಇಷ್ಟು ದೊಡ್ಡ ಮಳೇಲಿ ನಾನು ಎಂದೂ ಮಲಗಿರಲಿಲ್ಲ. ನಿಮಗೆ ದಿನಾ ಹೀಗೆ ಕೇಳಿಸುತ್ತಾ?”

ಮಳೆಯಣ್ಣ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, “ದಿನಾ ಕೇಳಿಸುತ್ತೆ ಅಮ್ಮ,” ಎನ್ನುತ್ತಾರೆ.

ಟ್ರೇಲರ್ ಗೇಟು ದಾಟಿ ರಸ್ತೆಗೆ ತಿರುಗುವವರೆಗೂ ಅವರು ನಿಂತು ನೋಡಿದರು. ಆ ಮಳೆ ತಮಗೆ ಅರ್ಧ ಮಾತ್ರ ಕೇಳಿಸುತ್ತದೆ ಎಂದು ಅವರು ಆಕೆಗೆ ಹೇಳಲಿಲ್ಲ.